ಮುತ್ತಿನ ಸದ್ದು

"ಮುತ್ತು ಕೇಳಿಸ್ತಾನೇ ಇಲ್ವಲ್ರೀ!"

ಗಾಜಿನ ಆಚೆ ಕೂತಿದ್ದ ಸಂಗೀತದ ಮೇಷ್ಟ್ರು ಹೆಡ್‌ಫೋನ್ ಕಿತ್ತಿಟ್ಟು ಆಡಿದ ಈ ಮಾತು ಸ್ಪೀಕರಿನಿಂದ ನಮ್ಮೆಲ್ಲರ ತಲೆಯ ಮೇಲೆ ಬಿತ್ತು. ಮೈಕಿನ ಮುಂದಿದ್ದ ರಾಜಕುಮಾರ ಕಿವಿಯವರೆಗೂ ಕೆಂಪಾದ. ರಾಜಕುಮಾರಿ ನೆಗಡಿಯ ಮೂಗು ಒರೆಸಿಕೊಂಡಳು. ಹಿಂದೆ ಕುರ್ಚಿಯಲ್ಲಿದ್ದ ನಾನು ನಕ್ಕೆ. ನಾನು ನಕ್ಕರೆ ಸಾಮಾನ್ಯವಾಗಿ ಯಾರಿಗೂ ಒಳ್ಳೆಯದಾಗುವುದಿಲ್ಲ. ನಾನು ಮಲತಾಯಿ.

ಕಥೆ ನಿಮಗೆ ಗೊತ್ತಿರುವುದೇ, ಅಜ್ಜಿಯರು ಹೇಳಿ ಹೇಳಿ ಸವೆದದ್ದು. ಮಲತಾಯಿ ಮಗಳನ್ನು ಕಲ್ಲು ಮಾಡುತ್ತಾಳೆ. ರಾಜಕುಮಾರ ಬಂದು ಮುತ್ತು ಕೊಡುತ್ತಾನೆ, ಕಲ್ಲಿಗೆ ಜೀವ ಬರುತ್ತದೆ, ಮಲತಾಯಿ ಹಾಳಾಗಿ ಹೋಗುತ್ತಾಳೆ. ಟೀವಿಯವರು ಇದಕ್ಕೆ ಹಾಡು ಕಟ್ಟಿಸಿ, ಕುಣಿತ ಸೇರಿಸಿ ಒಂದು ಭಾನುವಾರ ಸಂಜೆ ತೋರಿಸಿದರು. ಊರಿಗೆ ಊರೇ ನೋಡಿತು. ಈಗ ಅದೇ ಹಾಡುಗಳನ್ನು ಅದೇ ನಟನಟಿಯರಿಂದ ಇನ್ನೊಮ್ಮೆ ಹಾಡಿಸಿ ಆಲ್ಬಮ್ ತರಬೇಕೆಂದು ನಮ್ಮನ್ನು ಈ ಸ್ಟುಡಿಯೋದಲ್ಲಿ ಕೂಡಿಹಾಕಿದ್ದರು. ಕೊನೆಯ ಹಾಡು, ಕೊನೆಯ ದಿನ.

ಟೀವಿಯಲ್ಲಿ ಮುತ್ತಿನ ಜಾಗಕ್ಕೆ ತೊಂದರೆಯೇ ಇರಲಿಲ್ಲ. ಬೂದು ಬಣ್ಣದ ಕೆನ್ನೆ ಮೆಲ್ಲಗೆ ಕೆಂಪೇರುವುದು ಕಣ್ಣಿಗೆ ಕಾಣುತ್ತಿತ್ತು. ಆಲ್ಬಮ್ಮಿನಲ್ಲಿ ಕಾಣುವುದೇನು? ಹಾಡು ನಿಲ್ಲುತ್ತದೆ, ಆಮೇಲೆ ರಾಜಕುಮಾರಿ ಇದ್ದಕ್ಕಿದ್ದಂತೆ "ನಾನೆಲ್ಲಿದ್ದೇನೆ?" ಎನ್ನುತ್ತಾಳೆ. ಕಲ್ಲಿಗೆ ತಾನಾಗಿಯೇ ಬೇಜಾರಾಗಿ ಎದ್ದು ಕೂತಂತೆ.

"ಸದ್ದಣ್ಣನ್ನ ಕರೀರಿ," ಎಂದರು ಮೇಷ್ಟ್ರು.

ನಾನು ಹಾಡಿನ ಹಾಳೆಯಲ್ಲಿ ಮುಖ ಹುದುಗಿಸಿದೆ.

ಸದ್ದು ಮಾಡುವುದೇ ಅವರ ಕಸುಬು. ತಗಡು ಅಲುಗಿಸಿ ಗುಡುಗು ತರಿಸುತ್ತಾರೆ. ತೆಂಗಿನ ಚಿಪ್ಪಿನಿಂದ ಕುದುರೆ ಓಡಿಸುತ್ತಾರೆ. ಹಳೇ ಕೊಡೆಯನ್ನು ಪಟಪಟ ಬಿಚ್ಚಿ ಮುಚ್ಚಿ ಗಿಡುಗ ಹಾರಿಸುತ್ತಾರೆ. ಇಷ್ಟೆಲ್ಲ ಸದ್ದು ಮಾಡುವ ಮನುಷ್ಯ ಬಾಯಿ ಬಿಟ್ಟು ಮಾತಾಡುವುದು ಮಾತ್ರ ಅಪರೂಪ. ಆಡಿದರೂ ಅರ್ಧ. ಎಲ್ಲರೂ ಅವರನ್ನು ಸದ್ದಣ್ಣ ಎನ್ನುತ್ತಿದ್ದರು. ನನಗೆ ಮಾತ್ರ ಅಣ್ಣ ಎನ್ನಲು ನಾಲಿಗೆ ಬರಲಿಲ್ಲ. ಯಾಕೆಂದು ನೀವೇ ಊಹಿಸಿಕೊಳ್ಳಿ. ನಾನು "ರೀ" ಎನ್ನುತ್ತಿದ್ದೆ.

ಶೂಟಿಂಗಿನ ಆ ತಿಂಗಳುಗಳಲ್ಲಿ ನಮ್ಮಿಬ್ಬರದು ಒಂದೇ ಫ್ಲಾಸ್ಕಿನ ಟೀ. ಕಿರೀಟ ತೆಗೆದು ಪಕ್ಕಕ್ಕಿಟ್ಟು ನಾನು ಹರಟುತ್ತಿದ್ದೆ, ಅವರು ಕೇಳುತ್ತಿದ್ದರು. ಸುಮ್ಮನೆ ಕೇಳುವುದಲ್ಲ. ಕಸುಬೇ ಕಿವಿಯದಲ್ಲವೇ? "ಇವತ್ತು ನಿಮ್ಮ ದನಿ ಕೆಳಗಿದೆ, ರಾತ್ರಿ ನಿದ್ದೆ ಆಗಿಲ್ವಾ?" ಎಂದು ಕೇಳಿದ ಗಂಡಸು ನನ್ನ ಬದುಕಿನಲ್ಲಿ ಅವರೊಬ್ಬರೇ. ಹೆಂಡತಿ ತೀರಿಕೊಂಡಾಗ ಮಗಳು ಇನ್ನೂ ಅಂಬೆಗಾಲಿಡುತ್ತಿದ್ದಳಂತೆ. ಈಗ ಎರಡನೇ ಕ್ಲಾಸು. ಅವರ ಅಕ್ಕ ಮನೆ ನೋಡಿಕೊಳ್ಳುತ್ತಾರೆ. ಇದನ್ನೆಲ್ಲ ಅವರು ಚೂರು ಚೂರಾಗಿ ಹೇಳಿದ್ದನ್ನು ನಾನೇ ಜೋಡಿಸಿಕೊಂಡದ್ದು.

ನಲವತ್ತರ ಹೊಸ್ತಿಲಲ್ಲಿ ನಿಂತವಳಿಗೆ ಆಸೆ ಇರಬಾರದೆಂದು ಯಾರು ಹೇಳಿದರು? ನನಗೆ ಆಸೆ ಇತ್ತು. ಅಮ್ಮ ಮಾತ್ರ ದಿನಾ ಗೊಣಗುತ್ತಿದ್ದಳು: "ಒಂದಾದ್ರೂ ಒಳ್ಳೇ ಪಾರ್ಟು ಮಾಡಬಾರದೇನೇ? ನಿನ್ನ ನಗು ಕೇಳಿದ್ರೆ ಪಕ್ಕದ ಮನೆ ನಾಯೀನೂ ಬಾಲ ಮುದುರ್ಕೊಳ್ಳುತ್ತೆ. ಇನ್ನು ಯಾವ ಗಂಡು ಹತ್ರ ಬಂದಾನು?"

ಒಂದು ಗಂಡು ಬಂದಿತ್ತು. ಟೀವಿಯಲ್ಲಿ ತೋರಿಸಿದ ಮರುದಿನ, ಸೆಟ್ಟು ಬಿಚ್ಚುತ್ತಿದ್ದ ಅಂಗಳದಲ್ಲಿ ಅವರು ನನ್ನತ್ತ ಓಡಿಯೇ ಬಂದರು. ಮುಖ ಅರಳಿತ್ತು.

"ಮೇಡಂ! ನನ್ನ ಮಗಳು ನಿಮ್ಮ ನಗು ಕೇಳಿದ್ದೇ ತಡ, ಮಂಚದ ಕೆಳಗೆ ಹೋಗಿಬಿಟ್ಟಳು!"

ಅಷ್ಟರಲ್ಲಿ ಯಾರೋ "ಸದ್ದಣ್ಣಾ, ಲಾರಿ ಬಂತು" ಎಂದು ಕೂಗಿದರು. ಅವರು ಹೋದರು. ನಾನು ನಿಂತಲ್ಲೇ ನಿಂತೆ.

ನಟಿಗೆ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ, ಗೊತ್ತು. ಆದರೆ ಆ ಹೊತ್ತು ನನ್ನೊಳಗೆ ಕೇಳಿಸಿಕೊಂಡವಳು ನಟಿಯಲ್ಲ. ತಾಯಿಯಿಲ್ಲದ ಒಂದು ಮಗು ನನಗೆ ಹೆದರಿ ಮಂಚದ ಕೆಳಗೆ ಸೇರಿಕೊಂಡಿದೆ. ಆ ಮನೆಯ ಬಾಗಿಲು ನಾನು ತಟ್ಟುವುದು ಹೇಗೆ? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂದಿನಿಂದ ನಾನು ಅವರ ಫೋನು ಎತ್ತಲಿಲ್ಲ. ಅವರೂ ಎರಡು ಸಲ ಮಾಡಿ ಸುಮ್ಮನಾದರು. ಇವತ್ತು ಈ ಆಲ್ಬಮ್ ಮುಗಿದರೆ, ನಮ್ಮಿಬ್ಬರನ್ನು ಒಂದೇ ಕೋಣೆಗೆ ತರುವ ಕೆಲಸ ಇನ್ನೊಂದಿರಲಿಲ್ಲ.

ಅವರು ತಮ್ಮ ಪೆಟ್ಟಿಗೆಯೊಂದಿಗೆ ಬಂದು ಮೈಕಿನ ಮುಂದೆ ಮಂಡಿಯೂರಿದರು. ನನ್ನ ಕಡೆ ಒಮ್ಮೆ ನೋಡಿದರು. ನಾನು ನೋಡಲಿಲ್ಲ, ಅಂದರೆ ನೋಡಿಯೂ ನೋಡದ ಹಾಗಿದ್ದೆ.

ಮೊದಲು ತಮ್ಮ ಕೈಯ ಹಿಂಬದಿಗೇ ಮುತ್ತಿಟ್ಟುಕೊಂಡರು. ಪಚಕ್.

"ಕೆಸರಿಂದ ಚಪ್ಪಲಿ ಕಿತ್ತ ಹಾಗಿದೆ," ಎಂದರು ಮೇಷ್ಟ್ರು.

ಕಿತ್ತಳೆ ತೊಳೆ ಬಿಡಿಸಿದರು. "ಯಾರೋ ತಿಂಡಿ ತಿಂತಿದ್ದಾರೆ."

ಬಾಟಲಿಯ ಬಿರಡೆ ಕಿತ್ತರು. "ರಾಜಕುಮಾರ ಕುಡಿದು ಬಂದಿದ್ದಾನೆ ಅಂದ್ಕೋತಾರೆ."

"ನಿಜವಾಗ್ಲೂ ಕೊಟ್ಟುಬಿಡ್ಲಾ ಸಾರ್?" ಎಂದ ರಾಜಕುಮಾರ, ಬಹಳ ತ್ಯಾಗದ ಮುಖ ಮಾಡಿಕೊಂಡು.

"ನನ್ನ ನೆಗಡಿ ನಿನಗೂ ಬೇಕಾ?" ಎಂದಳು ರಾಜಕುಮಾರಿ.

"ಯಾರಿಗಾದ್ರೂ ಅನುಭವ ಇದ್ರೆ ಹೇಳ್ರಪ್ಪಾ," ಎಂದು ಮೇಷ್ಟ್ರು ನಿಟ್ಟುಸಿರು ಬಿಟ್ಟರು. "ನಿಜವಾದ ಮುತ್ತಿಗೆ ಸದ್ದೇ ಇರಲ್ಲ. ಅದೇ ಕಷ್ಟ. ಟೀ ಕುಡ್ಕೊಂಡು ಬನ್ನಿ."

ಕಾರಿಡಾರಿನ ಕಿಟಕಿಯ ಹತ್ತಿರ ನಾನೊಬ್ಬಳೇ ನಿಂತಿದ್ದೆ. ಅವರು ಎರಡು ಲೋಟ ಹಿಡಿದು ಬಂದರು. ಒಂದನ್ನು ನನ್ನ ಮುಂದಿನ ಕಟ್ಟೆಯ ಮೇಲಿಟ್ಟು, ತಾವು ಸ್ವಲ್ಪ ದೂರ ನಿಂತರು. ನಾನು ಲೋಟ ಮುಟ್ಟಲಿಲ್ಲ. ಟೀಯ ಮೇಲೆ ಕೆನೆ ಕಟ್ಟತೊಡಗಿತು.

"ಮೇಡಂ, ನನ್ನಿಂದ ಏನಾದ್ರೂ ತಪ್ಪಾಯ್ತಾ?"

"ನಿಮ್ಮಿಂದ ಯಾಕಾಗುತ್ತೆ? ಮಕ್ಕಳನ್ನ ಹೆದರಿಸೋಳು ನಾನು."

"ಯಾರು ಹೆದರಿದ್ರು?"

"ನಿಮ್ಮ ಮಗಳು! ಮಂಚದ ಕೆಳಗೆ ಹೋದ್ಳು ಅಂತ ನೀವೇ ತಾನೇ ಕುಣಿದುಕೊಂಡು ಬಂದು ಹೇಳಿದ್ದು?"

ಅವರು ನನ್ನನ್ನೇ ನೋಡಿದರು. ಹುಬ್ಬು ಮೇಲೇರಿತು. ಆಮೇಲೆ ಹಣೆ ಚಚ್ಚಿಕೊಂಡರು.

"ಅಯ್ಯೋ ದೇವ್ರೇ. ನಾನು ಪೂರ್ತಿ ಹೇಳ್ಲೇ ಇಲ್ಲ ಅಲ್ವಾ?"

"ನೀವು ಯಾವತ್ತು ಪೂರ್ತಿ ಹೇಳಿದ್ದೀರಿ?"

"ಅವಳು ಹೆದರಿ ಹೋಗಿದ್ದಲ್ಲ ಮೇಡಂ. ನಿಮ್ಮ ಥರ ನಗೋಕೆ ಹೋಗಿದ್ದು. ಮಂಚದ ಕೆಳಗೆ ನಕ್ಕರೆ ದನಿ ಗುಂಯ್ ಅನ್ನುತ್ತೆ, ಗುಹೆ ಥರ. ಮನೆಯೆಲ್ಲಾ ಹುಡುಕಿ ಆ ಜಾಗ ಕಂಡುಹಿಡಿದಿದ್ದಾಳೆ. ದಿನಾ ಸಂಜೆ ಅಲ್ಲೇ ಪ್ರಾಕ್ಟೀಸು. ಅಕ್ಕನಿಗೆ ತಲೆನೋವು ಬಂದುಬಿಟ್ಟಿದೆ."

ನನ್ನ ಕೈ ತಾನಾಗಿಯೇ ಲೋಟದ ಕಡೆ ಹೋಯಿತು.

"ರಾಜಕುಮಾರಿ ಪಾರ್ಟು ಬೇಡ್ವಂತೆ," ಎಂದರು ಅವರು, ಮಾತು ಒಮ್ಮೆ ಶುರುವಾದ ಮೇಲೆ ನಿಲ್ಲಿಸಲು ತಿಳಿಯದವರ ಹಾಗೆ. "ಕಲ್ಲಾಗಿ ನಿಂತಿರೋದು ಬೋರಂತೆ. ನೀವು ಬೇಕಂತೆ."

ನಾನು ಲೋಟ ಎತ್ತಿಕೊಂಡು ಕೆನೆಯ ಸಮೇತ ಒಂದೇ ಗುಟುಕಿಗೆ ಕುಡಿದೆ. ಕಣ್ಣಲ್ಲಿ ನೀರು ಬಂತು. ಬಿಸಿ ಟೀ ಎಂದು ಅವರು ಅಂದುಕೊಳ್ಳಲಿ ಎಂದು ಆಶಿಸಿದೆ. ಆ ಟೀ ಆರಿ ಎಷ್ಟು ಹೊತ್ತಾಗಿತ್ತೋ! ಕಿವಿಯ ಕಸುಬಿನವರಿಗೆ ಕಣ್ಣೂ ಚುರುಕು. ಅವರು ಏನೂ ಹೇಳದೆ ಜೇಬಿನಿಂದ ಕರವಸ್ತ್ರ ತೆಗೆದು ಕಟ್ಟೆಯ ಮೇಲಿಟ್ಟರು. ಕಿತ್ತಳೆಯ ವಾಸನೆ ಬರುತ್ತಿತ್ತು.

ಒಳಗೆ ಬಂದಾಗ ನನ್ನ ಮೈ ಹಗುರಾಗಿತ್ತು. ತಲೆಯೂ ಓಡುತ್ತಿತ್ತು.

"ಮೇಷ್ಟ್ರೇ, ಮುತ್ತಿಗೆ ಸದ್ದು ಯಾಕೆ ಹುಡುಕ್ತೀರಿ? ಕಥೇಲಿ ಆಗ ನಾನು ಗೋಪುರದ ಮೇಲೆ ನಗ್ತಾ ಇರ್ತೀನಿ. ಗಹಗಹಿಸಿ. ಮುತ್ತು ಕೊಟ್ಟ ಕ್ಷಣಕ್ಕೆ ನನ್ನ ನಗು ಕತ್ತರಿಸಿ ಹೋಗ್ಲಿ. ಎಲ್ಲಾ ಮುಗೀತು ಅಂತ ಮಲತಾಯಿಗೆ ಗೊತ್ತಾಯ್ತು ಅಂದ್ರೆ, ಕೇಳೋರಿಗೂ ಗೊತ್ತಾಗುತ್ತೆ."

ಮೇಷ್ಟ್ರು ಗಾಜಿನ ಆಚೆ ಎದ್ದೇ ನಿಂತರು. "ಇಷ್ಟು ದಿನ ಎಲ್ಲಿದ್ರಮ್ಮಾ ನೀವು! ಸದ್ದಣ್ಣ, ನೀನು ಅವರ ಎದುರಿಗೆ ನಿಂತ್ಕೋ. ಸರಿಯಾದ ಜಾಗಕ್ಕೆ ಕೈ ಇಳಿಸು. ಕೈ ಇಳಿದ ತಕ್ಷಣ ಅವರು ನಿಲ್ಲಿಸ್ಲಿ."

ಹೀಗೆ ಅವರು ನನ್ನ ಎದುರು ಬಂದು ನಿಂತರು. ನಡುವೆ ಒಂದು ಮೈಕು. ಇಷ್ಟು ಹತ್ತಿರದಿಂದ ಅವರನ್ನು ನಾನು ನೋಡಿರಲಿಲ್ಲ. ಎಡ ಹುಬ್ಬಿನಲ್ಲಿ ಒಂದೇ ಒಂದು ಬಿಳಿ ಕೂದಲು. ಗಡ್ಡ ಹೆರೆಯುವಾಗ ಬಿಟ್ಟುಹೋದ ಚಿಕ್ಕ ಜಾಗ. ನಾನು ನೋಡುತ್ತಿದ್ದೇನೆಂದು ತಿಳಿದು ಅವರ ಕಣ್ಣು ಮೈಕಿಗೆ ಇಳಿಯಿತು, ಮತ್ತೆ ಮೆಲ್ಲಗೆ ಮೇಲೆ ಬಂತು.

ಸಂಗೀತ ಏರಿತು. ನಕ್ಕೆ. ಕೈ ಇಳಿಯಿತು. ನಿಲ್ಲಿಸಿದೆ.

"ನಲ್ಲಿ ತಿರುಗಿಸಿದ ಹಾಗಾಯ್ತು," ಎಂದರು ಮೇಷ್ಟ್ರು.

ಇನ್ನೊಮ್ಮೆ. "ಕರೆಂಟು ಹೋದ ಹಾಗಾಯ್ತು. ಎದೆ ಧಸಕ್ ಅನ್ನಬೇಕಮ್ಮಾ. ನೀವು ನಿಲ್ಲಿಸಬೇಡಿ, ನಗು ತಾನಾಗೇ ನಿಲ್ಲಬೇಕು."

ಹೇಳುವುದು ಸುಲಭ. ಎದೆ ಹೇಳಿದ ಹಾಗೆ ಧಸಕ್ಕೆನ್ನುತ್ತದೆಯೇ? ನನಗೆ ಈ ಹೊತ್ತು ಎಷ್ಟು ಸುಖವಾಗಿತ್ತೆಂದರೆ ನಗು ನಿಲ್ಲುವ ಲಕ್ಷಣವೇ ಇರಲಿಲ್ಲ.

ಮೂರನೆಯ ಸಲ ಸಂಗೀತ ಏರಿತು. ನಾನು ತಲೆ ಹಿಂದಕ್ಕೆ ಹಾಕಿ, ಕಣ್ಣು ಮಾತ್ರ ಅವರ ಮೇಲಿಟ್ಟು, ಹೊಟ್ಟೆಯಿಂದ ನಗುತ್ತಿದ್ದೆ. ಅವರ ಕೈ ಮೇಲೆ ಎತ್ತಿದ್ದು ಎತ್ತಿದ ಹಾಗೇ ಇತ್ತು. ಮುತ್ತಿನ ಜಾಗ ಬಂತು. ಕೈ ಇಳಿಯಲಿಲ್ಲ. ಬದಲಿಗೆ ಅವರ ತುಟಿ ಅಲುಗಿತು. ಉಸಿರಿನಷ್ಟೂ ಸದ್ದಿಲ್ಲ. ಗಾಜಿನ ಆಚೆಯವರ ತುಟಿ ನೋಡಿ ಮಾತು ತಿಳಿಯುವುದು ನಮ್ಮ ಕಸುಬಿನಲ್ಲಿ ಎಲ್ಲರಿಗೂ ಬರುತ್ತದೆ. ನನಗೆ ಒಂದೊಂದು ಅಕ್ಷರವೂ ಕಂಡಿತು.

ಮದುವೆ ಆಗ್ತೀರಾ?

ನನ್ನ ನಗು ಗಂಟಲಲ್ಲೇ ತುಂಡಾಯಿತು.

"ಓಕೇ!" ಮೇಷ್ಟ್ರು ಕುರ್ಚಿಯ ಕೈ ಬಡಿದರು. "ಇದು! ಇದೇ ಮುತ್ತು! ಸದ್ದಣ್ಣ, ಏನಪ್ಪಾ ಮಾಡಿದೆ ಅವರಿಗೆ? ಬೇಡ, ಹೇಳ್ಬೇಡ. ಎಲ್ಲರೂ ನಿಂತಲ್ಲೇ ನಿಲ್ಲಿ, ರೂಮ್ ಟೋನ್ ತಗೊಂಡುಬಿಡೋಣ. ಒಂದು ನಿಮಿಷ. ಒಬ್ಬರೂ ಅಲುಗಾಡಬಾರದು."

ರೂಮ್ ಟೋನ್ ಎಂದರೆ ಖಾಲಿ ಕೋಣೆಯ ಮೌನ. ಮಾತು ಮಾತಿನ ನಡುವೆ ತೇಪೆ ಹಾಕಲು ಅದೂ ಬೇಕು, ಅದನ್ನೂ ರೆಕಾರ್ಡ್ ಮಾಡುತ್ತಾರೆ. ಅಷ್ಟು ಹೊತ್ತು ಯಾರೂ ಕೆಮ್ಮುವಂತಿಲ್ಲ, ಕಾಲು ಎತ್ತಿಡುವಂತಿಲ್ಲ. ಕೆಂಪು ದೀಪ ಹತ್ತಿತು.

ನಾನು ಕೇಳಬೇಕಾದದ್ದು ಬಾಯಿ ತುಂಬ ಇತ್ತು. ನಿಜವಾಗಿ ಕೇಳಿದಿರಾ, ಟೇಕ್ ಸರಿಯಾಗಲಿ ಎಂದು ಕೇಳಿದಿರಾ? ಕಸುಬುದಾರ ಮನುಷ್ಯ. ಗುಡುಗಿಗೆ ತಗಡು ಅಲುಗಿಸುವವರು, ನನ್ನ ಎದೆ ಧಸಕ್ಕೆನ್ನಲು ಒಂದು ಮಾತು ಅಲುಗಿಸಿರಬಹುದು. ಹಾಗಿದ್ದರೆ? ನಿಜವೇ ಆಗಿದ್ದರೆ? ಇಷ್ಟು ವರ್ಷ ಬರೆದುಕೊಟ್ಟ ಮಾತು ಹೇಳಿ ಮಲತಾಯಿಯಾದವಳು ನಾನು. ಬರೆದುಕೊಟ್ಟವರಿಲ್ಲದ ಮನೆಯಲ್ಲಿ, ಒಂದು ನಿಜವಾದ ಮಗುವಿನ ಜಡೆ ಹೆಣೆಯುತ್ತ, ಹೋಮ್‌ವರ್ಕಿಗೆ ಗದರುತ್ತ, ಜ್ವರ ಬಂದರೆ ಪಕ್ಕದಲ್ಲಿ ಕೂತು ಹೇಗೆ ಬಾಳುವೆನೋ ನನಗೆ ತಿಳಿಯದು. ತಪ್ಪು ಮಾಡಿದರೆ ಜನ ಏನೆನ್ನುತ್ತಾರೆಂಬುದಂತೂ ಅಜ್ಜಿಯರು ಆಗಲೇ ಹೇಳಿಟ್ಟಿದ್ದಾರೆ. ಆದರೂ ಬೇಕು ಎನ್ನಿಸಿತು. ಬಹಳ ಬೇಕು ಎನ್ನಿಸಿತು.

ಅವರು ಅಲುಗಾಡದೆ ನಿಂತಿದ್ದರು. ಕೊರಳಿನ ನರ ಮಾತ್ರ ಟಕಟಕ ಹಾರುತ್ತಿತ್ತು. ಕಣ್ಣು ನನ್ನ ಕಣ್ಣಲ್ಲೇ ಇತ್ತು, ಈ ಸಲ ಮೈಕಿಗೆ ಇಳಿಯಲಿಲ್ಲ. ಟೇಕ್ ಮುಗಿದಿತ್ತು, ಮೇಷ್ಟ್ರಿಗೆ ಬೇಕಾದ್ದು ಸಿಕ್ಕಿಯಾಗಿತ್ತು. ಇನ್ನು ಯಾವ ನಗುವನ್ನೂ ನಿಲ್ಲಿಸಬೇಕಾಗಿರಲಿಲ್ಲ. ಆಗ ಅವರ ತುಟಿ ಮತ್ತೆ ಅಲುಗಿತು. ಅದೇ ಮಾತು. ಈ ಸಲ ಇನ್ನೂ ನಿಧಾನವಾಗಿ, ಪೂರ್ತಿಯಾಗಿ.

"ಹೂಂ," ಎಂದೆ ನಾನು.

ಜೋರಾಗಿಯೇ ಬಂತು. ಗೋಪುರದ ಮೇಲಿಂದ ಕೂಗಿ ಅಭ್ಯಾಸವಾದ ಗಂಟಲು, ಏನು ಮಾಡಲಿ?

ರಾಜಕುಮಾರ ಬೆಚ್ಚಿಬಿದ್ದ. ಸ್ಪೀಕರಿನಲ್ಲಿ ಮೇಷ್ಟ್ರ ದನಿ ಗುಡುಗಿತು. "ಯಾರ್ರೀ ಅದು ಹೂಂ ಅಂದಿದ್ದು? ಯಾರಿಗೆ ಅಂದಿದ್ದು?"

ಕೋಣೆಯ ತುಂಬ ಕತ್ತುಗಳು ತಿರುಗಿದವು. ನಾನು ಬಾಯಿ ತೆರೆಯುವ ಮೊದಲೇ, ಯಾವತ್ತೂ ಮಾತಾಡದ ಆ ಮನುಷ್ಯ ಮೈಕಿಗೆ ಬಾಗಿ ಸ್ಪಷ್ಟವಾಗಿ ಹೇಳಿದರು.

"ನನಗೆ ಅಂದಿದ್ದು ಸಾರ್. ನಾವು ಮದುವೆ ಆಗ್ತಿದೀವಿ."

ರಾಜಕುಮಾರಿ "ಅಯ್ಯೋ!" ಎಂದು ಕಿರುಚಿ, ಕೂಡಲೇ ಸೀನಿದಳು. ಯಾರೋ ಚಪ್ಪಾಳೆ ಹೊಡೆದರು. ಮೇಷ್ಟ್ರು ಗಾಜಿನ ಆಚೆ ತಲೆಯ ಮೇಲೆ ಕೈ ಹೊತ್ತು ಸ್ವಲ್ಪ ಹೊತ್ತು ನಮ್ಮಿಬ್ಬರನ್ನೇ ನೋಡಿದರು. ಅವರ ಮುಖದಲ್ಲಿ ಎಲ್ಲಾ ಇತ್ತು, ಸಿಟ್ಟೊಂದು ಬಿಟ್ಟು.

"ಸಂತೋಷ. ಬಹಳ ಸಂತೋಷ. ಆದ್ರೆ ನನ್ನ ಮೌನ ಹಾಳಾಯ್ತಲ್ಲಪ್ಪಾ," ಎಂದರು. "ಇನ್ನೊಂದ್ಸಲ ತಗೋಬೇಕು. ಈಗಲಾದ್ರೂ ಬಾಯಿ ಮುಚ್ಕೊಂಡಿರ್ತೀರಾ?"

ಮತ್ತೆ ಕೆಂಪು ದೀಪ ಹತ್ತಿತು. ಮೈಕಿನ ಈ ಕಡೆ ನಾನು, ಆ ಕಡೆ ಅವರು. ಕೇಳಬೇಕಾದದ್ದು ಕೇಳಿಯಾಗಿತ್ತು, ಹೇಳಬೇಕಾದದ್ದು ಹೇಳಿಯಾಗಿತ್ತು. ಆ ನಿಮಿಷ ಬೇಗ ಮುಗಿಯಲಿ ಎಂದು ನಮಗಿಬ್ಬರಿಗೂ ಅನ್ನಿಸಲಿಲ್ಲ.