ಮಂಗಳವಾರದ ತಟ್ಟೆ

ಅರಗಿನ ವಾಸನೆ ಮುನವ್ವರನಿಗೆ ಬಾಲ್ಯದಿಂದಲೂ ಗೊತ್ತು. ಅಪ್ಪ ಟಪಾಲು ಟಾಂಗಾ ಹೊಡೆಯುತ್ತಿದ್ದಾಗ, ಚೀಲದ ಬಾಯಿಗೆ ಒತ್ತಿದ ಬಿಸಿ ಅರಗು, ಕುದುರೆಯ ಬೆವರು ಎರಡೂ ಅವನ ಅಂಗಿಯಲ್ಲಿ ಸೇರಿಕೊಂಡಿರುತ್ತಿದ್ದವು. ಟಾಂಗಾ ಹೋಗಿ ಮೋಟಾರು ಬಂತು. ಹುಬ್ಬಳ್ಳಿಯಿಂದ ಯಲ್ಲಾಪುರ, ಶಿರಸಿಗೆ ದಿನಾ ಟಪಾಲು ತರುವವನು ಮುನವ್ವರನೇ. ಅಪ್ಪ ಮಾತ್ರ ಯಲ್ಲಾಪುರದ ಮನೆಯನ್ನು, ಕರಾಚಿಯಲ್ಲಿ ನೆರಳಲ್ಲಿ ಕೂತು ಗುಮಾಸ್ತಿಕೆ ಮಾಡುವ ಅಣ್ಣ ಅಬ್ದುಲ್ ಗಫೂರನ ಹೆಸರಿಗೆ ಬರೆದುಹೋಗಿದ್ದ.

೧೯೩೩ರ ಚಳಿಗಾಲದ ಒಂದು ಬುಧವಾರ ತಂತಿ ಬಂತು: ಗಫೂರ್ ನಿನ್ನೆ ಜ್ವರದಲ್ಲಿ ತೀರಿಕೊಂಡ.

ಹಿಂದಿನ ದಿನವಷ್ಟೇ ಅವನ ಕಾಗದ ಬಂದಿತ್ತು. ಮಕ್ಕಳೊಂದಿಗೆ ಯಲ್ಲಾಪುರದ ಮನೆಯಲ್ಲೇ ಇದ್ದ ಅತ್ತಿಗೆ ರಹಿಮತ್ಬಿ ಅದನ್ನು ಓದಿ ಹೇಳುವಾಗ ಮುನವ್ವರ್ ಅಲ್ಲೇ ಊಟ ಮಾಡುತ್ತಿದ್ದ. ಮಂಗಳವಾರ ಅವನಿಗೊಂದು ತಟ್ಟೆ ಆ ಮನೆಯಲ್ಲಿ ಕಾದಿರುತ್ತಿತ್ತು. ಅಂದು ಕರಾವಳಿಯಿಂದ ಮೀನು ಬರುತ್ತದೆ, ಅದಕ್ಕೇ ಎಂದುಕೊಂಡಿದ್ದ. ಶುಕ್ರವಾರ ಬರೆದ ಆ ಕಾಗದದಲ್ಲಿ, ಮನೆ ತನ್ನಿಬ್ಬರು ಗಂಡುಮಕ್ಕಳಿಗೆ ಎಂದಿತ್ತು.

ಮನೆ ತನಗಾಗಬೇಕಾದರೆ ಅದಕ್ಕಿಂತ ಈಚಿನ ಕಾಗದವೊಂದು ಬೇಕು. ಮನೆಯ ವಿಷಯ ತೀರ್ಮಾನಿಸಲು ಜಮಾತಿನ ಹಿರಿಯರು ಶುಕ್ರವಾರ ನಮಾಜಾದ ಮೇಲೆ ಸೇರುವವರಿದ್ದರು. ಅಷ್ಟರೊಳಗೆ ಅದು ಕರಾಚಿಯಿಂದ ಬಂದಂತಿರಬೇಕು.

ಪೋಸ್ಟ್ ಮಾಸ್ತರ ಶಾಂತಾರಾಮರನ್ನು ಕೇಳಿದ: "ಕರಾಚಿಯಿಂದ ಮುಂಬಯಿಗೆ ವಿಮಾನದಲ್ಲಿ ಎಷ್ಟು ದೂರ, ಮಾಸ್ತರ್ರೇ?"

"ಎಂತಾ ಮುನವ್ವರ್, ಮೋಟಾರು ಬಿಟ್ಟು ವಿಮಾನ ಹೊಡೀತ್ಯಾ? ಆರುನೂರು ಮೈಲಿ ಹತ್ತಿರ ಆಗ್ತದೆ. ಬೆಳಗ್ಗೆ ಹೊರಟರೆ ಅಹಮದಾಬಾದಿನಲ್ಲಿ ಇಳಿದು, ಮಧ್ಯಾಹ್ನಕ್ಕೆ ಮುಂಬಯಿ."

ಆ ಲೆಕ್ಕ ಅವನಿಗೆ ಬೆಲ್ಲದಂತೆ ಹಿಡಿಸಿತು. ಸೋಮವಾರ ಬರೆದದ್ದು, ಮಂಗಳವಾರ ವಿಮಾನ, ಆಮೇಲೆ ರೈಲು, ಗುರುವಾರ ಹುಬ್ಬಳ್ಳಿ, ಶುಕ್ರವಾರ ತನ್ನ ಮೋಟಾರು. ಅಣ್ಣನ ನಿಜವಾದ ಕಾಗದಕ್ಕೂ ನಾಲ್ಕೇ ದಿನ ಹಿಡಿದಿತ್ತು. ತಾಳೆ ಸರಿಯಾಯಿತು. ಅಣ್ಣತಮ್ಮಂದಿರು ಒಂದೇ ಶಾಲೆಯಲ್ಲಿ ತಿದ್ದಿದವರು, ಅಕ್ಷರ ಕಷ್ಟವಾಗಲಿಲ್ಲ. 'ಮನೆ ಮುನವ್ವರನಿಗೆ ಇರಲಿ' ಎಂದು ಬರೆದ. ಅಣ್ಣನ ಹಳೆಯ ಲಕೋಟೆಯೊಂದನ್ನು ಹುಡುಕಿ, ಮುದ್ರೆಯ ತಾರೀಖಿನ ಮೇಲೆ ಒದ್ದೆ ಬೆರಳು ಎಳೆದ. ಮಸುಕಾದ ಮುದ್ರೆಗಳನ್ನು ಅವನು ಸಾವಿರ ನೋಡಿದ್ದ.

ಶುಕ್ರವಾರ ಅತ್ತಿಗೆಯ ಮನೆಯಲ್ಲಿ, ಜಮಾತಿನ ಹಿರಿಯರಾದ ಗನಿ ಸಾಹೇಬರು ಕಾಗದ ಓದಿ ಕಣ್ಣೊರೆಸಿಕೊಂಡರು. "ಸಾಯುವಾಗಲೂ ತಮ್ಮನ ನೆನಪು, ನೋಡಿ." ಮಾತಾಡಿಸಿಹೋಗಲು ಬಂದಿದ್ದ ಶಾಂತಾರಾಮರು ಬಾಗಿಲ ಹತ್ತಿರ ಕೂತಿದ್ದರು. ಮುನವ್ವರ್ ತಲೆ ತಗ್ಗಿಸಿದ. ಅವನಿಗೆ ನಿಜವಾಗಿಯೂ ಅಳು ಬಂದಿತ್ತು.

ಪರದೆಯ ಹಿಂದಿನಿಂದ ರಹಿಮತ್ಬಿ ಕೇಳಿದಳು, "ಯಾವತ್ತು ಬರೆದದ್ದಂತೆ?"

"ಸೋಮವಾರ, ಭಾಬಿ. ವಿಮಾನದಲ್ಲಿ ಬಂತು. ಬೆಳಗ್ಗೆ ನಾನೇ ತಂದೆ."

ರಹಿಮತ್ಬಿ ಪರದೆಯ ಹಿಂದೆಯೇ ಬಾಗಿಲ ಕಡೆಗೆ ಸರಿದಳು. "ಮಾಸ್ತರ್ರೇ," ಎಂದಳು, "ಆ ವಿಮಾನ ವಾರಕ್ಕೆ ಒಂದೇ ಸಲ, ಶನಿವಾರ ಅಲ್ವಾ ಹೊರಡೋದು? ಅವರ ಕಾಗದ ಮಂಗಳವಾರ ಬಿಟ್ಟು ಬೇರೆ ದಿನ ಬಂದದ್ದೇ ಇಲ್ಲ. ತಂದವನು ಹಸಿದು ಹೋಗಬಾರದು ಅಂತ ಅವತ್ತೇ ಒಂದು ತಟ್ಟೆ ಜಾಸ್ತಿ ಇಡ್ತಿದ್ದೆ." ಶಾಂತಾರಾಮರು ಹೌದೆಂದು ತಲೆಯಾಡಿಸಿದರು. ಗನಿ ಸಾಹೇಬರು ಕಾಗದವನ್ನು ಮಡಚಿ ತಮ್ಮ ಜೇಬಿಗೆ ಹಾಕಿಕೊಂಡು, ಪೊಲೀಸ್ ಫೌಜುದಾರರಿಗೆ ಹೇಳಿಕಳಿಸಿದರು. ಸಾವಿನ ಮನೆಯಲ್ಲಿ ಒಲೆ ಹಚ್ಚಿರಲಿಲ್ಲ. ಪಕ್ಕದ ಮನೆಯ ಗಂಗೆ ಅನ್ನ, ಸಾರು ಕಳಿಸಿದ್ದಳು. ಪರದೆಯ ಅಡಿಯಿಂದ ಒಂದು ತಟ್ಟೆ ಮೆಲ್ಲಗೆ ಮುನವ್ವರನ ಮುಂದೆ ಸರಿಯಿತು.