ಕೆಚ್ಚಿದ ತಂತಿ

ಎಂಜಿನ್ ಇನ್ನೂ ಓಡುತ್ತಿತ್ತು. ಓಡಿಸಬೇಕಾದವರು ತೆರೆದ ಬಾನೆಟ್ಟಿನ ಮುಂದೆ ಬೋರಲು ಬಿದ್ದಿದ್ದರು. ತಲೆಯ ಹಿಂದೆ ಬಿದ್ದದ್ದು ಒಂದೇ ಏಟು.

ಮುಧೋಳದಿಂದ ಲೋಕಾಪುರಕ್ಕೆ ಹೋಗುವ ರಸ್ತೆ, ಬೆಳಗಿನ ಹೊತ್ತು. ಎರಡೂ ಕಡೆ ಆಳೆತ್ತರದ ಕಬ್ಬು. ಒಳಗೆ ಯಾರು ನಿಂತು ನೋಡುತ್ತಿದ್ದರೂ ಕಾಣದು. ಸಬ್ ಇನ್‌ಸ್ಪೆಕ್ಟರ್ ಪ್ರತಿಮಾ ಸತ್ತವರ ಗುರುತು ಹಿಡಿದಳು. ರಬಕವಿಯ ಸೀರೆ ವ್ಯಾಪಾರಿ ಗಿರಿಮಲ್ಲಪ್ಪ.

ಅವಳು ಕಾರಿನಲ್ಲಿ ಕೂತು ಆಕ್ಸಿಲರೇಟರ್ ತುಳಿದಳು. ಎಂಜಿನ್ ಕ್ಯಾರೇ ಅನ್ನಲಿಲ್ಲ. ಸ್ಟೇರಿಂಗಿನ ಎದುರಿನ ಫಲಕದಲ್ಲಿ ದೋಷ ತೋರಿಸುವ ಹಳದಿ ದೀಪ ಉರಿಯುತ್ತಿತ್ತು.

ಪೊಲೀಸ್ ಕೆಲಸಕ್ಕೆ ಸೇರುವ ಮೊದಲು ಅವಳು ಆಟೊಮೊಬೈಲ್ ಡಿಪ್ಲೊಮಾ ಓದಿದವಳು. ಈಗಿನ ಕಾರುಗಳಲ್ಲಿ ಪೆಡಲಿಗೂ ಎಂಜಿನ್ನಿಗೂ ನಡುವೆ ಕೇಬಲ್ ಇರುವುದಿಲ್ಲ. ಥ್ರಾಟಲ್ ಬಾಡಿ ಎಂಬ ಗಾಳಿಯ ಬಾಗಿಲನ್ನು ಸಣ್ಣ ಮೋಟರ್ ತೆರೆಯುತ್ತದೆ. ಎಷ್ಟು ತೆರೆದಿದೆ ಎಂದು ಎರಡು ಸೆನ್ಸರ್ ಹೇಳುತ್ತವೆ. ಎರಡರ ಮಾತು ತಾಳೆಯಾಗದಿದ್ದರೆ ಕಂಪ್ಯೂಟರ್ ಯಾರನ್ನೂ ನಂಬುವುದಿಲ್ಲ. ಆಮೇಲೆ ಕಾರು ಬರೀ ತೆವಳುತ್ತದೆ.

"ನಿನ್ನಿ ಈ ಗಾಡಿ ಬನಹಟ್ಟಿ ದುರಗೇಶನ ಗ್ಯಾರೇಜಿನ್ಯಾಗ ಇತ್ತಂತ್ರೀ ಮೇಡಂ," ಎಂದ ಕಾನ್‌ಸ್ಟೇಬಲ್ ಹೊಳೆಪ್ಪ. "ಅದ ಥ್ರಾಟಲ್ ಸ್ವಚ್ಛ ಮಾಡಿ ಕಳಿಸ್ಯಾನ."

ಕಾರು ಕೆಡಿಸಿದವನೇ ಕಾದು ಹೊಡೆದ. ಇಡೀ ಊರು ಹಾಗೇ ಅಂದಿತು.

* * *

ಮಧ್ಯಾಹ್ನದೊಳಗೆ ದುರಗೇಶ ಲಾಕಪ್ಪಿನಲ್ಲಿದ್ದ. ಅವನ ಗ್ಯಾರೇಜಿನ ಷಟರನ್ನು ಜನ ಕಲ್ಲಿನಿಂದ ಜಜ್ಜಿಹಾಕಿದ್ದರು. ಸಂಜೆಗೆ ಕೋರ್ಟಿಗೆ ಒಪ್ಪಿಸಿ ಎಂದು ಮೇಲಿನವರ ಫೋನು ಬಂತು. ಒಪ್ಪಿಸಿದರೆ ಅವನ ಬದುಕು ಮುಗಿದ ಹಾಗೆ.

ಅವನ ತಾಯಿ ಅನ್ನವ್ವ ಠಾಣೆಯ ಮೆಟ್ಟಿಲ ಮೇಲೆ ಕೂತಿದ್ದಳು.

"ನನ್ನ ಮಗ ಕೆಟ್ಟದ್ದನ್ನ ರಿಪೇರಿ ಮಾಡ್ತಾನ್ರೀ. ಕೆಡಸೂದು ಅವಗ ಬರೂದಿಲ್ಲ."

ಎಲ್ಲ ತಾಯಂದಿರೂ ಹೀಗೇ ಅನ್ನುತ್ತಾರೆ. ಆದರೂ ಪ್ರತಿಮಾಗೆ ಒಳಗೊಳಗೇ ಅಳುಕಾಯಿತು. ತಪ್ಪು ಮನುಷ್ಯನನ್ನು ಒಳಗೆ ಹಾಕಿದ್ದರೆ ಕೊಂದವನು ಹೊರಗೆ ಓಡಾಡುತ್ತಿದ್ದಾನೆ.

ಗಿರಿಮಲ್ಲಪ್ಪನವರ ಹೆಂಡತಿ ಶಿವವ್ವ ಹೇಳಿದ್ದು ಇನ್ನೊಂದು. "ಸೀರಿ ಚೀಲ ಒಯ್ದಿದ್ರು. ಪವರ್‌ಲೂಮ್ ಸೀರಿಗೆ ಕೈಮಗ್ಗದ ಮುದ್ರಿ ಹಚ್ಚಿ ಮಾರಾಕತ್ತಾರ, ಬಾಗಲಕೋಟಿ ಕೈಮಗ್ಗ ಆಫೀಸಿಗೆ ಹೋಗಿ ತೋರಸ್ತೇನಿ ಅಂದ್ರು. ಯಾರಂತ ಹೇಳಲಿಲ್ಲ."

ಕಾರಿನಲ್ಲಿ ಸೀರೆ ಚೀಲ ಇರಲಿಲ್ಲ.

* * *

ಠಾಣೆಯ ಅಂಗಳದಲ್ಲಿ ಕಾರಿಗೆ ಸ್ಕ್ಯಾನರ್ ಹಾಕಿದಳು. ಥ್ರಾಟಲಿನ ಎರಡನೇ ಸೆನ್ಸರಿನ ಸುದ್ದಿಯೇ ಬರುತ್ತಿಲ್ಲ ಎಂದಿತು ಅದು. ಕೊಳವೆ ಬಿಚ್ಚಿದಳು. ಗಾಳಿಯ ಬಾಗಿಲಿಗೆ ಮಸಿಯ ಕಲೆಯೂ ಇರಲಿಲ್ಲ. ದುರಗೇಶ ಕೆಲಸ ಛಲೋ ಮಾಡಿದ್ದ. ತಂತಿಯ ಗುಂಟ ಬೆರಳಾಡಿಸಿದಳು. ಒಂದು ಕಡೆ ಕವಚದೊಳಗೆ ನೀಲಿ ತಂತಿ ತುಂಡಾಗಿತ್ತು.

"ಇಲಿ ಕಡದಿರಬೇಕ್ರೀ," ಎಂದ ಹೊಳೆಪ್ಪ.

"ಇಲಿ ಕಡದು ಮತ್ತ ಜೋಡಸ್ತದೇನು?"

ಯಾರೋ ಕತ್ತರಿಸಿ, ತುದಿಗಳನ್ನು ಒಂದರ ಪಕ್ಕ ಒಂದಿಟ್ಟು ಹೊಸೆದು, ಮಡಚಿ ಒತ್ತಿದ್ದರು; ಅದು ಈಗ ಸಡಿಲಾಗಿ ಬಿಚ್ಚಿಕೊಂಡಿತ್ತು. ಟೇಪ್ ಇಲ್ಲ. ಎಳೆಗಳ ನಡುವೆ ಬಿಳಿ ಪುಡಿ. ಹೊಳೆಪ್ಪ ಬಗ್ಗಿ ನೋಡಿದ.

"ಇದು ಕೆಚ್ಚಿದ್ದರೀ ಮೇಡಂ. ನಮ್ಮವ್ವ ಮಗ್ಗದ ಹಳೇ ಎಳಿಗೆ ಹೊಸಾ ಎಳಿ ಕೂಡಿಸಿ ಹಿಂಗ ಕೆಚ್ಚತಿದ್ಲು. ಜಾರಬಾರದಂತ ಬೆರಳಿಗೆ ಬೂದಿ ಹಚ್ಚಿಕೊಳ್ಳೂದು."

ಪ್ರತಿಮಾ ಆ ತುಂಡನ್ನು ಕತ್ತರಿಸಿ ಸೀಲ್ ಮಾಡಿದಳು. ಹೊಸ ತಂತಿ ಬೆಸೆದಳು. ಕೀ ಆನ್ ಮಾಡಿ, ಪೆಡಲ್ ಮುಟ್ಟದೆ ತುಸು ಹೊತ್ತು ಬಿಟ್ಟು, ಆಫ್ ಮಾಡಿದಳು. ಗಾಳಿಯ ಬಾಗಿಲು ತನ್ನ ಅಳತೆ ಮತ್ತೆ ಕಲಿತುಕೊಂಡಿತು. ಈಗ ತುಳಿದ ಕೂಡಲೇ ಎಂಜಿನ್ ಗುಡುಗಿತು. ಥ್ರಾಟಲಿಗೆ ಏನೂ ಆಗಿರಲಿಲ್ಲ.

ಸ್ಕ್ಯಾನರಿನಲ್ಲಿ ಇನ್ನೊಂದು ಸಂಗತಿ ಇತ್ತು. ದೋಷ ಮೊದಲ ಸಲ ಕಂಡ ಗಳಿಗೆಯಲ್ಲಿ ಕಾರಿನ ವೇಗ ಸೊನ್ನೆ. ಎಂಜಿನ್ ತಣ್ಣಗೆ.

ಅವಳು ಜೀಪು ಹತ್ತಿ ರಬಕವಿಗೆ ಹೊರಟಳು.

* * *

ರಬಕವಿಯಲ್ಲಿ ಗಿರಿಮಲ್ಲಪ್ಪನವರ ಮಗ್ಗದ ಶೆಡ್ಡು. ಹೊರಗೆ ಧೂಳು ಮೆತ್ತಿದ ಬೈಕು, ಒಳಗೆ ಕಿವಿಗಡಚಿಕ್ಕುವ ಸದ್ದು. ಅವರ ಪಾಲುದಾರ ಪರಮಾನಂದ ಹಣೆ ತುಂಬ ವಿಭೂತಿ ಬಳಿದುಕೊಂಡು ನಿಂತಿದ್ದ. ಬೆಳಿಗ್ಗೆ ಗ್ಯಾರೇಜಿನ ಮುಂದೆ ಎಲ್ಲರಿಗಿಂತ ಜೋರಾಗಿ ಕೂಗಿದವನು ಇವನೇ.

"ಕಾರು ರಾತ್ರಿ ಎಲ್ಲಿತ್ರೀ?"

"ಇಲ್ಲೇ, ಶೆಡ್ಡಿನ ಅಂಗಳದಾಗ. ಬೀಗ ಹಾಕಿತ್ತು."

"ಅಂಗಳದ ಬೀಗದ ಕೈ? ಕಾರಿನ ಕೀ?"

"ಎರಡೂ ಅವರ ಹತ್ರ ಒಂದೊಂದು, ನನ್ನ ಹತ್ರ ಒಂದೊಂದು."

ಪ್ರತಿಮಾ ಓಡದೆ ನಿಂತಿದ್ದ ಮಗ್ಗವೊಂದರ ಹತ್ತಿರ ಹೋದಳು. ಒಂದು ಎಳೆ ಹಿಡಿದು ಹರಿದಳು.

"ಹರದದ್ದನ್ನ ಹ್ಯಾಂಗ ಕೂಡಸ್ತಾರ್ರೀ?"

"ನನಗೇನ ಗೊತ್ತರೀ. ನಾ ಅಂಗಡ್ಯಾಗ ಕುಂಡ್ರಾಂವ. ಮಗ್ಗ ಮುಟ್ಟಿದಾಂವ ಅಲ್ಲ."

ಅವಳು ಎಳೆಯ ಸುದ್ದಿ ಬಿಟ್ಟಳು. ಶಿವವ್ವನ ದುಃಖದ ಬಗ್ಗೆ ಕೇಳಿದಳು. ದುರಗೇಶನಿಗೆ ಎಂಥ ಶಿಕ್ಷೆ ಆಗಬೇಕು ಎಂದು ಕೇಳಿದಳು. ಪರಮಾನಂದ ಹುಮ್ಮಸ್ಸಿನಿಂದ ಹೇಳುತ್ತಾ ಹೋದ. ಹರಿದ ತುದಿಗಳು ಅವನ ಕಣ್ಣೆದುರೇ ಜೋತಾಡುತ್ತಿದ್ದವು. ಅವನ ನೋಟ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಿತ್ತು. ಮಾತಿನ ನಡುವೆ ಅವನ ಬೆರಳು ಹಣೆಗೆ ಹೋಯಿತು. ವಿಭೂತಿ ಒರೆಸಿಕೊಂಡಿತು. ಎರಡು ತುದಿ ಸೇರಿಸಿ ಹೊಸೆದು, ಮಡಚಿ ಒತ್ತಿತು.

ಆಮೇಲೆ ಅವನು ತನ್ನ ಕೈ ನೋಡಿಕೊಂಡ. ಮುಖ ಸುಣ್ಣವಾಯಿತು.

"ಕೆಚ್ಚೂದು ಚಂದ ಬರ್ತದಲ್ರೀ ನಿಮಗ," ಎಂದಳು ಪ್ರತಿಮಾ. "ಸುಳ್ಳು ಯಾಕ ಹೇಳಿದ್ರಿ?"

ಅವನು ಬಾಗಿಲ ಕಡೆ ತಿರುಗಿದ. ಅಲ್ಲಿ ಹೊಳೆಪ್ಪ ನಿಂತಿದ್ದ. ಪ್ರತಿಮಾ ಮಾತು ಮುಂದುವರಿಸಿದಳು.

"ದುರಗೇಶ ಹಳೇ ದೋಷ ಎಲ್ಲಾ ಅಳಿಸಿ ಗಾಡಿ ಕಳಿಸಿದ್ದ. ಗ್ಯಾರೇಜಿನಿಂದ ಇಲ್ಲಿ ಬರೂತನಕ ಎಂಜಿನ್ ಬಿಸಿ ಇತ್ತು. ನೀವು ತಂತಿ ಕತ್ತರಿಸಿ ಕೀ ತಿರುವಿ ನೋಡಿದಾಗ ಎಂಜಿನ್ ತಣ್ಣಗಿತ್ತು, ದೋಷ ಆಗ ದಾಖಲಾತು. ಅಂದ್ರ ಆ ಕೆಲಸ ನಡದದ್ದು ಈ ಬೀಗದ ಒಳಗ. ಪೂರಾ ಕತ್ತರಿಸಿದ್ರ ಗಾಡಿ ಊರ ದಾಟ್ತಿರಲಿಲ್ಲ. ಅದಕ್ಕ ಸಡಿಲ ಕೆಚ್ಚಿದ್ರಿ, ತಗ್ಗಿನ್ಯಾಗ ಕುಲುಕಿ ಬಿಚ್ಚಲಿ ಅಂತ. ಹೊರಗಿನ ಆ ಬೈಕಿನ ಮ್ಯಾಲ ಬೆನ್ನ ಹತ್ತಿದ್ರಿ. ಬಾನೆಟ್ ಎತ್ತಿ ಬಗ್ಗಿದ ಮನಷ್ಯಾಗ ಹಿಂದಿನಿಂದ ಹೊಡದ್ರಿ. ಸೀರಿ ಚೀಲ ತಗೊಂಡ್ರಿ."

ಚೀಲವೂ ರಕ್ತ ಹತ್ತಿದ ಕಬ್ಬಿಣದ ಸಲಾಕೆಯೂ ಶೆಡ್ಡಿನ ಅಟ್ಟದ ಮೇಲೆ ಸಿಕ್ಕವು. ಸೀರೆಗಳ ಮೇಲೆ ಕೈಮಗ್ಗದ ಮುದ್ರೆ ಇತ್ತು.

"ಮುದ್ರಿ ಹಚ್ಚಿದಾಂವ ನಾ ಅಂತ ಅವರಿಗೆ ಗೊತ್ತಾಗಿತ್ತು," ಎಂದ ಪರಮಾನಂದ ನೆಲ ನೋಡುತ್ತ. "ಸಣ್ಣಾಂವ ಇದ್ದಾಗ ಅವರ ಮನಿಯಾಗ ಕೆಚ್ಚೂದು ಕಲಿತೆ. ಕಲಿಸಿದವರೂ ಅವರ."

* * *

ಸಂಜೆ ಲಾಕಪ್ಪಿನ ಬಾಗಿಲು ತೆರೆಯಿತು. ಪ್ರತಿಮಾ ದುರಗೇಶನಿಗೆ ತಪ್ಪಾಯಿತು ಎಂದಳು. ಅವನು ತಲೆಯಾಡಿಸಿದ, ಅಷ್ಟೇ. ಹೊರಗೆ ಜನ ಗುಂಪುಗೂಡಿದ್ದರು. ಬೆಳಿಗ್ಗೆ ಕಲ್ಲೆಸೆದವರ ಪೈಕಿ ಒಬ್ಬ ಮುಂದೆ ಬಂದು ಹಲ್ಲು ಕಿರಿದ.

"ನಾವ ಆಗ ಅನಕೊಂಡಿದ್ವಿ, ದುರಗೇಶ ಅಂಥಾಂವ ಅಲ್ಲ ಅಂತ."

ಅನ್ನವ್ವ ಮಗನ ಕೈ ಹಿಡಿದುಕೊಂಡಳು. ಆ ಮನುಷ್ಯನನ್ನು ದಿಟ್ಟಿಸಿದಳು.

"ಹೌದಪಾ. ಹೊಡಿಯೂ ಮುಂದ ಕಲ್ಲಿಗೂ ಅದನ್ನ ಹೇಳಬೇಕಿತ್ತು."