ಕೊನೆಗೆ ತಿದ್ದಿದ ಫೈಲು

"ಮತ್ತೆ ಅದೇ ಹೆಸರು!" ಎಂದ ಸಹಪಾಠಿ ತೆಗಾರ್. "ನಿನ್ನ ಸ್ಕ್ರಿಪ್ಟ್‌ಗೆ ತಲೆ ಕೆಟ್ಟಿದೆ ಕಣೇ."

ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ವೆನಿಂಗ್ ಮೂರನೇ ಸಲ ಎಂಟರ್ ಒತ್ತಿದಳು. ಪರದೆಯ ಮೇಲೆ ಮತ್ತೆ ಬಂತು: ನಾಟಕ-1.

ಅದು ಸಲಾತಿಗಾ ಊರಿನ ಶಾಲೆಯ ಐದನೇ ತರಗತಿಯವರು ಶನಿವಾರ ಆಡಬೇಕಿದ್ದ ನಾಟಕ. ಬರೆದವಳು ವೆನಿಂಗ್. ತಿದ್ದಿದವರು ಎಲ್ಲರೂ. ಹಾಗಾಗಿ ಫೋಲ್ಡರ್ ತುಂಬ ನಾಟಕಗಳೇ: ನಾಟಕ-1, ನಾಟಕ-ಹೊಸದು, ನಾಟಕ-ಕೊನೆಯದು, ನಾಟಕ-ನಿಜವಾಗಿ-ಕೊನೆಯದು. ಯಾವುದನ್ನು ಪ್ರಿಂಟ್ ಮಾಡುವುದು?

ಅದಕ್ಕೇ ಅವಳು ಪುಟ್ಟದೊಂದು ಶೆಲ್ ಸ್ಕ್ರಿಪ್ಟ್, ಅಂದರೆ ಕಂಪ್ಯೂಟರಿಗೆ ಕೊಡುವ ಆಜ್ಞೆಗಳ ಪಟ್ಟಿ, ಬರೆದಿದ್ದಳು. ಎರಡೇ ಸಾಲು. ಫೈಲುಗಳನ್ನೆಲ್ಲ ತಿದ್ದಿದ ಸಮಯ ನೋಡಿ ಸಾಲಾಗಿ ನಿಲ್ಲಿಸು, ಎಲ್ಲಕ್ಕಿಂತ ಈಚೆಗೆ ತಿದ್ದಿದ್ದರ ಹೆಸರು ಹೇಳು, ಅಷ್ಟೆ.

ಆದರೆ ನಾಟಕ-1 ತಿಂಗಳ ಹಿಂದಿನದು! ವೆನಿಂಗ್‌ಗೆ ತಲೆಬುಡ ಅರ್ಥವಾಗಲಿಲ್ಲ.

"ಬು, ನನ್ನ ಸ್ಕ್ರಿಪ್ಟ್ ಸುಳ್ಳು ಹೇಳ್ತಿದೆ," ಎಂದಳು. ಬು ಎಂದರೆ ಅಲ್ಲಿಯವರ ಮಾತಿನಲ್ಲಿ ಮೇಡಂ.

ಕಂಪ್ಯೂಟರ್ ಟೀಚರ್ ಬು ತುತಿಕ್ ಬಗ್ಗಿ ನೋಡಿದರು. "ಸರಿಯಾಗೇ ಇದೆಯಲ್ಲಮ್ಮ. ಫೈಲು ಹುಟ್ಟಿದ್ದು ಯಾವಾಗ ಅಂತ ಅದು ಕೇಳಲ್ಲ. ಕೊನೆಗೆ ಯಾವುದನ್ನ ತಿದ್ದಿದ್ರೋ ಅದನ್ನ ಹೇಳುತ್ತೆ. ಸಮಯ ನೋಡು."

ಇಂದು ಬೆಳಿಗ್ಗೆ, ಆರು ಗಂಟೆ ನಲವತ್ತು ನಿಮಿಷ.

"ಅಷ್ಟು ಬೇಗ ಇಲ್ಲಿ ಯಾರಿದ್ರು?" ಎಂದಳು ವೆನಿಂಗ್.

"ದೆವ್ವ!" ಎಂದ ತೆಗಾರ್. "ನಾಟಕ ತಿದ್ದೋ ದೆವ್ವ!"

ವೆನಿಂಗ್ ಗೋಡೆಯತ್ತ ನೋಡಿದಳು. ದಿನಾ ಬೆಳಿಗ್ಗೆ ಕೋಣೆ ಗುಡಿಸುವವರ ಪಟ್ಟಿ ಅಲ್ಲಿತ್ತು. ಇಂದು ಗುರುವಾರ. ಗುರುವಾರದ ಮುಂದೆ ಇದ್ದ ಹೆಸರು: ಪಾಲುಪಿ.

ಪಾಲುಪಿಯೇ? ಅವಳಿಗೆ ಈ ನಾಟಕದಲ್ಲಿ ಪಾತ್ರವೇ ಇಲ್ಲವಲ್ಲ! ರಂಗದ ಪರದೆ ಎಳೆಯುವವಳು ಅವಳು. ವೆನಿಂಗ್ ಗೊಂದಲದಲ್ಲೇ ಫೈಲು ತೆರೆದಳು.

ಅಲ್ಲಿ ಜಾಮು ಕಷಾಯ ಮಾರುವ ಅಜ್ಜಿ ಇದ್ದಳು. ನಾಟಕ ಉದ್ದವಾಯಿತೆಂದು ವೆನಿಂಗ್ ಎರಡನೇ ವಾರವೇ ತೆಗೆದುಹಾಕಿದ್ದ ಪಾತ್ರ. ಆಗ ಅಜ್ಜಿಗಿದ್ದದ್ದು ನಾಲ್ಕೇ ಮಾತು. ಈಗ ಪುಟ ತುಂಬ.

ತೆಗಾರ್ ಜೋರಾಗಿ ಓದಿದ: "'ಕಹಿ ಅಂತ ಮುಖ ಸಿಂಡರಿಸಬೇಡ್ವೋ ಮೊಮ್ಮಗನೇ, ನಿನ್ನ ಮುಖ ನೋಡಿ ನನ್ನ ಕಷಾಯವೇ ಹೆದರ್ಕೊಂಡೀತು!'" ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಯಾರೇ ಬರೆದಿದ್ದು? ನಿನಗೆ ಇಷ್ಟು ಚೆನ್ನಾಗಿ ಬರಲ್ಲ ಬಿಡು!"

ವೆನಿಂಗ್ ನಗಲಿಲ್ಲ. ಅಜ್ಜಿಯ ಪಾತ್ರ ಮಾಡಬೇಕಿದ್ದವಳು ಪಾಲುಪಿ. ಪಾತ್ರ ತೆಗೆದೆ ಎಂದಾಗ ಅವಳು "ಸರಿ" ಎಂದಿದ್ದಳು. ಆಗ ಅವಳ ಮುಖ ಹೇಗಿತ್ತು? ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ನೋಡಿದ್ದರೆ ತಾನೆ?

ಬಾಗಿಲಲ್ಲಿ ಪಾಲುಪಿ ಕಾಣಿಸಿದಳು, ಕೈಯಲ್ಲಿ ಪರದೆಯ ಹಗ್ಗ. ಕಂಪ್ಯೂಟರಿನಲ್ಲಿ ಏನಿದೆಯೆಂದು ಕಂಡದ್ದೇ ಅವಳ ಕಿವಿ ಕೆಂಪಾಯಿತು. "ಅದು... ಸುಮ್ನೆ ಬರೆದಿದ್ದು. ಅಳಿಸಿಬಿಡ್ತೀನಿ."

"ಪಾಲುಪಿ," ಎಂದಳು ವೆನಿಂಗ್. ಕಂಪ್ಯೂಟರ್ ಪರದೆಯ ಮೇಲಿನ ಸಾಲಿಗೆ ಬೆರಳಿಟ್ಟಳು. "ಇಲ್ಲಿ ಅಜ್ಜಿ ಬೈತಾಳಾ, ನಗ್ತಾಳಾ?"

ಪಾಲುಪಿ ಹಗ್ಗ ಕೆಳಗಿಟ್ಟು ಹತ್ತಿರ ಬಂದಳು. "ಬೈತಾಳೆ," ಎಂದಳು ಮೆಲ್ಲಗೆ. "ಆದರೆ ಕಣ್ಣು ನಗ್ತಿರುತ್ತೆ."

"ಯಾವುದನ್ನಮ್ಮ ಪ್ರಿಂಟ್ ಕೊಡ್ಲಿ?" ಬು ತುತಿಕ್ ಕೇಳಿದರು.

ವೆನಿಂಗ್ ಕೀಬೋರ್ಡನ್ನು ಪಾಲುಪಿಯ ಕಡೆ ಸರಿಸಿದಳು.

"ಸ್ವಲ್ಪ ತಡೀರಿ ಬು. ಇನ್ನೂ ಬರೀತಿದೀವಿ."